ಫುಟ್‌ಪಾತಿನ ಹೆಣಕ್ಕೆ ಜಾತಿ ಇಲ್ಲವೆ? 'ಆಕ್ಸಿಡೆಂಟ್' ಚಿತ್ರದ ಒಂದು ದಲಿತ ಓದು

ಕನ್ನಡ ಸಿನಿಮಾದಲ್ಲಿ ದಲಿತರು ಅಂದಕೂಡಲೇ ನಮ್ಮ ವಿಮರ್ಶೆ ಸೀದಾ 'ಚೋಮನ ದುಡಿ'ಗೆ ಹೋಗಿ ನಿಲ್ಲುತ್ತದೆ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಆ ಚಿತ್ರ ದೊಡ್ಡದು, ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರೋದು ಚರ್ಚೆ ಅಲ್ಲಿಗೇ ಗೂಟ ಹೊಡೆದುಕೊಂಡು ಕೂತಿರುವುದರ ಬಗ್ಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಕೇರಿಗಳ ಜನ ದುಡ್ಡು ಕೊಟ್ಟು ನೋಡಿದ್ದು ಕಲಾತ್ಮಕ ಚಿತ್ರಗಳನ್ನಲ್ಲ. ಅವರು ನೋಡಿದ್ದು ಹೊಡೆದಾಟದ ಚಿತ್ರ, ಪತ್ತೇದಾರಿ ಚಿತ್ರ, ಕೊಲೆ ಮಾಡಿದವ ಯಾರು ಅಂತ ಕಡೀತನಕ ಕುರ್ಚಿ ತುದಿಯಲ್ಲಿ ಕೂರಿಸುವ ಚಿತ್ರ. ಇಂಥವನ್ನು 'ಬರೀ ರಂಜನೆ' ಅಂತ ಬದಿಗೆ ಸರಿಸುವುದು ಸುಲಭ. ಆದರೆ ಅಪರಾಧ, ಪೊಲೀಸು, ಸಾಕ್ಷಿ, ಕೋರ್ಟು ಇವು ನಮ್ಮ ಬದುಕಿಗೆ ತೀರ ಹತ್ತಿರದ ವಸ್ತುಗಳು. ಆ ಕತ್ತಲೆಯ ಕಥೆಗಳೊಳಗೆ ನಮ್ಮವರು ಎಲ್ಲಿದ್ದಾರೆ ಅಂತ ಹುಡುಕುವುದು ಈ ಬರಹದ ಉದ್ದೇಶ.

ಅದಕ್ಕೆ ನಾನು ಆರಿಸಿಕೊಂಡಿರುವುದು ಶಂಕರ್ ನಾಗ್ ನಿರ್ದೇಶಿಸಿದ 'ಆಕ್ಸಿಡೆಂಟ್'. ಚಿತ್ರಕಥೆ ವಸಂತ ಮೊಕಾಶಿ ಅವರದು. 1984ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 'ಇತರ ಸಾಮಾಜಿಕ ಸಮಸ್ಯೆ'ಗಳ ಮೇಲಿನ ಉತ್ತಮ ಚಿತ್ರ ಅನ್ನುವ ಮನ್ನಣೆ ಅದಕ್ಕೆ ಸಿಕ್ಕಿತು. ಕಥೆ ಬಹಳ ಜನಕ್ಕೆ ಗೊತ್ತಿರುವಂಥದೇ. ಅಮಲಿನಲ್ಲಿದ್ದ ಶ್ರೀಮಂತ ಹುಡುಗರ ಕಾರು ರಾತ್ರಿ ಬೆಂಗಳೂರಿನ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಹರಿಯುತ್ತದೆ. ಆ ಹುಡುಗರಲ್ಲಿ ಒಬ್ಬ ರಾಜಕಾರಣಿ ಧರ್ಮಾಧಿಕಾರಿಯ ಮಗ. ಧರ್ಮಾಧಿಕಾರಿಯಾಗಿ ಅನಂತನಾಗ್, ಸತ್ಯ ಹೊರಗೆಳೆಯಲು ಓಡಾಡುವ ಪತ್ರಕರ್ತನಾಗಿ ಸ್ವತಃ ಶಂಕರ್ ನಾಗ್. ಕಾರಿನಡಿ ಸಿಕ್ಕು ಉಳಿದವ ಒಬ್ಬನೇ. ಆಮೇಲಿನದೆಲ್ಲಾ ಮುಚ್ಚಿಹಾಕುವವರು ಮತ್ತು ಬಿಚ್ಚುವವರ ನಡುವಿನ ಓಟ.

ಇದನ್ನು ಮಾಡಿದವರ ಬಗ್ಗೆ ಎರಡು ಮಾತು. ಹೊನ್ನಾವರದ ಕಡೆಯ ಶಂಕರ್ ನಾಗ್ ಮರಾಠಿ ರಂಗಭೂಮಿಯಲ್ಲಿ ಪಳಗಿ, 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಮೂಲಕ ಕನ್ನಡ ತೆರೆಗೆ ಬಂದವರು. 1980ರಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದರು, ಅದೂ ಕಾರು ಕಳ್ಳರ ಕಥೆ. ಅಂದರೆ ಅಪರಾಧದ ಕಥೆಯನ್ನೇ ಸಮಾಜದ ಎಕ್ಸ್‌ರೇ ಮಾಡಬಹುದು ಅನ್ನೋದು ಅವರಿಗೆ ಮೊದಲಿಂದ ಗೊತ್ತಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದಾಗ ಅವರಿಗೆ ಇನ್ನೂ 36 ತುಂಬಿರಲಿಲ್ಲ. ಅದು ಪುಣೆ-ಬೆಂಗಳೂರು ಹೆದ್ದಾರಿ, ನಮ್ಮ ರಾಣೆಬೆನ್ನೂರು, ಹಾವೇರಿಗಳನ್ನು ಹಾಯ್ದು ಹೋಗುವ ಅದೇ ರಸ್ತೆ. ನಮ್ಮ ಆಟೋಗಳ ಬೆನ್ನ ಮೇಲೆ ಇವತ್ತಿಗೂ ಅವರ ಚಿತ್ರ ಇದೆ. ದುಡಿಯುವ ಜನ ಆತನನ್ನು ತಮ್ಮವ ಅಂದುಕೊಂಡರು, ಅದಕ್ಕೆ ಕಾರಣಗಳೂ ಇದ್ದವು. ಹಾಗಾಗಿ ನನ್ನ ಪ್ರಶ್ನೆ ಒಬ್ಬ ವ್ಯಕ್ತಿಯ ಮೇಲಿನ ಆರೋಪವಲ್ಲ, ಒಂದು ಪ್ರಕಾರಕ್ಕೆ ಹಾಕುವ ಪ್ರಶ್ನೆ.

ಈ ಪ್ರಕಾರದ ಬೇರು ಸ್ವಲ್ಪ ಹೊರಗೂ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಆಮೇಲೆ ಹಾಲಿವುಡ್ಡಿನಿಂದ ಬಂದ ನೆರಳು-ಕತ್ತಲೆಯ ಅಪರಾಧ ಚಿತ್ರಗಳಿಗೆ 1946ರಲ್ಲಿ ನಿನೋ ಫ್ರಾಂಕ್ ಅನ್ನುವ ವಿಮರ್ಶಕ ಫ್ರೆಂಚಿನಲ್ಲಿ 'ಫಿಲ್ಮ್ ನ್ವಾರ್' ಅಂತ ಕರೆದ. ಅಂದರೆ ಕಪ್ಪು ಚಿತ್ರ. ಆದರೆ ಈ ಕಪ್ಪು ಚಿತ್ರಗಳಲ್ಲಿ ಕಪ್ಪು ಜನ ಬಹುಪಾಲು ಬಾಗಿಲು ತೆಗೆಯುವವರಾಗಿ, ಸಾಮಾನು ಹೊರುವವರಾಗಿ ಮಾತ್ರ ಬಂದು ಹೋಗುತ್ತಾರೆ.

ಇದರ ನಡುವೆ 1947ರಲ್ಲಿ 'ಕ್ರಾಸ್‌ಫೈರ್' ಅನ್ನುವ ಚಿತ್ರ ಬಂತು. ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್, ನಿರ್ಮಾಪಕ ಏಡ್ರಿಯನ್ ಸ್ಕಾಟ್, ಬರೆದವನು ಜಾನ್ ಪ್ಯಾಕ್ಸ್‌ಟನ್. ಯುದ್ಧ ಮುಗಿಸಿ ಬಂದ ಸೈನಿಕರ ಗುಂಪಿನಲ್ಲೊಬ್ಬ ಒಂದು ರಾತ್ರಿ ಸ್ಯಾಮುಯಲ್ಸ್ ಎಂಬಾತನನ್ನು ಹೊಡೆದು ಕೊಲ್ಲುತ್ತಾನೆ. ಯಾಕೆ ಕೊಂದ ಅಂತ ಪೊಲೀಸ್ ಅಧಿಕಾರಿ ತಲೆ ಕೆಡಿಸಿಕೊಳ್ಳುತ್ತಾನೆ. ದುಡ್ಡಿಗಲ್ಲ, ಹೆಣ್ಣಿಗಲ್ಲ, ಹಳೆ ವೈರವೂ ಇಲ್ಲ. ಕೊನೆಗೆ ಹೊಳೆಯುವುದು ಇಷ್ಟು: ಸತ್ತವನು ಯಹೂದಿ, ಕೊಂದವನಿಗೆ ಅಷ್ಟೇ ಸಾಕಾಗಿತ್ತು. ಈ ಚಿತ್ರಕ್ಕೆ ಮೂಲವಾದ ರಿಚರ್ಡ್ ಬ್ರೂಕ್ಸ್‌ನ 1945ರ ಕಾದಂಬರಿಯಲ್ಲಿ ಸತ್ತವನು ಸಲಿಂಗಿ. ಆಗಿನ ಹಾಲಿವುಡ್ ನಿಯಮಾವಳಿ ಅದನ್ನು ತೆರೆಯ ಮೇಲೆ ಬಿಡುತ್ತಿರಲಿಲ್ಲ, ಹಾಗಾಗಿ ಬಲಿಪಶುವಿನ ಗುರುತೇ ಬದಲಾಯಿತು. ಯಾವ ಗುಂಪಿನ ಸಾವನ್ನು ಹೇಳಬಹುದು, ಯಾವುದನ್ನು ಹೇಳಕೂಡದು ಅಂತ ತೀರ್ಮಾನಿಸುವವರು ಕಥೆಗಾರರಷ್ಟೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅಷ್ಟು ಹೇಳಿದ್ದಕ್ಕೂ ಬೆಲೆ ತೆರಬೇಕಾಯಿತು ಅನ್ನಿಸುವಂಥ ಇತಿಹಾಸ ಮುಂದೆ ನಡೆಯಿತು. ಅದೇ 1947ರ ಅಕ್ಟೋಬರಿನಲ್ಲಿ ಡಿಮಿಟ್ರಿಕ್ ಮತ್ತು ಸ್ಕಾಟ್ ಇಬ್ಬರನ್ನೂ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಅಮೆರಿಕದ ಸಂಸದೀಯ ಸಮಿತಿ ವಿಚಾರಣೆಗೆ ಎಳೆಯಿತು. ಉತ್ತರ ಕೊಡಲು ಒಪ್ಪದ ಹತ್ತು ಮಂದಿಯಲ್ಲಿ ಇವರೂ ಇದ್ದರು, ಕೆಲಸ ಕಳಕೊಂಡು ಜೈಲಿಗೂ ಹೋದರು. 1951ರಲ್ಲಿ ಡಿಮಿಟ್ರಿಕ್ ಮತ್ತೆ ಸಮಿತಿಯ ಮುಂದೆ ಹೋಗಿ ಹಳೆ ಸಂಗಾತಿಗಳ ಹೆಸರು ಹೇಳಿದ. ಅದರಲ್ಲಿ ಸ್ಕಾಟ್ ಹೆಸರೂ ಇತ್ತು. ಚಳವಳಿಯಲ್ಲಿರುವವರಿಗೆ ಈ ಭಾಗ ವಿವರಿಸಬೇಕಿಲ್ಲ.

ಇನ್ನೊಂದು ಚಿತ್ರದ ಹೆಸರನ್ನೂ ಹೇಳಿಬಿಡುತ್ತೇನೆ. 1959ರ 'ಆಡ್ಸ್ ಅಗೇನ್ಸ್ಟ್ ಟುಮಾರೊ' ಚಿತ್ರವನ್ನು ಮಾಡಿಸಿದ್ದು ಕಪ್ಪು ಗಾಯಕ-ನಟ ಹ್ಯಾರಿ ಬೆಲಾಫಾಂಟೆಯ ಸ್ವಂತ ಕಂಪನಿ. ಚಿತ್ರಕಥೆ ಬರೆದ ಏಬ್ರಹಾಂ ಪೊಲಾನ್‌ಸ್ಕಿ ಕಪ್ಪುಪಟ್ಟಿಯಲ್ಲಿದ್ದ ಕಾರಣ ತೆರೆಯ ಮೇಲೆ ಕಪ್ಪು ಲೇಖಕ ಜಾನ್ ಕಿಲೆನ್ಸ್‌ನ ಹೆಸರು ಬಂತು. ಪೊಲಾನ್‌ಸ್ಕಿಗೆ ತನ್ನ ಹೆಸರು ವಾಪಸು ಸಿಕ್ಕಿದ್ದು 1996ರಲ್ಲಿ. ದರೋಡೆಗೆ ಹೊರಟ ಮೂವರಲ್ಲಿ ಒಬ್ಬ ಬಿಳಿಯನ ಜನಾಂಗದ್ವೇಷವೇ ಎಲ್ಲರನ್ನೂ ಮುಳುಗಿಸುವ ಕಥೆ ಅದು. ದುಡ್ಡು ಹಾಕುವ, ಕಥೆ ಆರಿಸುವ ಕುರ್ಚಿಯಲ್ಲಿ ಒಬ್ಬ ಕಪ್ಪು ಮನುಷ್ಯ ಕೂತಾಗ ಕಪ್ಪು ಚಿತ್ರ ತನ್ನ ಹೆಸರಿಗೆ ತಕ್ಕಂತೆ ಆಯಿತು.

ಈಗ 'ಆಕ್ಸಿಡೆಂಟ್'ಗೆ ವಾಪಸು ಬರೋಣ. ಎರಡೂ ಕಡೆ ರಾತ್ರಿ, ಎರಡೂ ಕಡೆ ಕೊಲೆ. ತಮಾಷೆ ಅಂದ್ರೆ ಪ್ರಶಸ್ತಿಯೂ ಒಂದೇ ಥರ: 'ಕ್ರಾಸ್‌ಫೈರ್' ಚಿತ್ರಕ್ಕೆ 1947ರಲ್ಲಿ ಕಾನ್ ಉತ್ಸವದಲ್ಲಿ ಸಿಕ್ಕಿದ್ದೂ 'ಸಾಮಾಜಿಕ ಚಿತ್ರ'ದ ಬಹುಮಾನ. ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ಅಲ್ಲಿ ಸತ್ತವನು ಯಾರು ಅನ್ನೋದೇ ತನಿಖೆಯ ಕೀಲಿಕೈ. ಇಲ್ಲಿ ತನಿಖೆ ಕೊಂದವನ ಮನೆಯ ಸುತ್ತ ತಿರುಗುತ್ತದೆ: ಆತನ ಅಪ್ಪ, ಅಧಿಕಾರ, ಚುನಾವಣೆ, ಅಮಲು. ಸತ್ತವರು ಬಡವರು ಅನ್ನುವಷ್ಟಕ್ಕೆ ಪ್ರಶ್ನೆ ನಿಲ್ಲುತ್ತದೆ. ಅವರು ಯಾವ ಊರು ಬಿಟ್ಟು ಬಂದರು, ಊರು ಬಿಡಿಸಿದ್ದು ಬರಗಾಲ ಮಾತ್ರವೋ, ಇಲ್ಲಾ ಭೂಮಿಯೇ ಇಲ್ಲದಂತೆ ಮಾಡಿದ ಜಾತಿಯೂ ಹೌದೋ ಅನ್ನೋದು ಈ ಪತ್ತೇದಾರಿಕೆಯ ವಿಷಯವೇ ಅಲ್ಲ.

ಹಾಸ್ಟೆಲಿನ ಹುಡುಗರಿಗೆ ಒಂದು ಭಾನುವಾರ ಈ ಚಿತ್ರ ತೋರಿಸಿದ್ದೆ. ಮುಗಿದ ಮೇಲೆ ಬ್ಯಾಡಗಿ ಕಡೆಯ ಒಬ್ಬ ಕೇಳಿದ: "ಸರ, ಮಿನಿಸ್ಟರ್ ಮಗಾ ಏನಾದ ಅಂತ ಎಲ್ಲಾರೂ ಕೇಳ್ತಾರ. ಅಲ್ಲಿ ಮಕ್ಕೊಂಡಿದ್ದವ್ರ ಮನಿಗೆ ಸುದ್ದಿ ಯಾರ್ ಮುಟ್ಸಿದ್ರು?" ಅವನ ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ವಿಮರ್ಶೆಯ ಭಾಷೆಯಲ್ಲಿ ನಾನು ಪುಟಗಟ್ಟಲೆ ಬರೆಯಬಹುದಾದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ.

ಹಾಗಾದರೆ ಲೆಕ್ಕ ಹೀಗಾಗುತ್ತದೆ. ಕಲಾತ್ಮಕ ಚಿತ್ರದಲ್ಲಿ ದಲಿತನಿಗೆ ಜಾತಿ ಇದೆ, ಆದರೆ ಅವನು ನರಳುವವನು, ಪ್ರಶ್ನೆ ಹಾಕುವವನಲ್ಲ. ಥ್ರಿಲ್ಲರಿನಲ್ಲಿ ಪ್ರಶ್ನೆ ಇದೆ, ಜಾತಿ ಇಲ್ಲ, ಮತ್ತು ಪ್ರಶ್ನೆ ಹಾಕುವವ ಪತ್ರಕರ್ತ. ನೆನಪಿಡಬೇಕು, 'ಆಕ್ಸಿಡೆಂಟ್' ಬರುವ ಹೊತ್ತಿಗೆ ಕರ್ನಾಟಕದಲ್ಲಿ ಪ್ರಶ್ನೆ ಹಾಕುವ ದಲಿತರು ಇರಲಿಲ್ಲ ಅಂತೇನಿಲ್ಲ. 1973ರ ಬೂಸಾ ಪ್ರಕರಣ ಆಗಿ ಹತ್ತು ವರ್ಷ ದಾಟಿತ್ತು. ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ (1938-1997) ಕಟ್ಟಿದ ದಲಿತ ಸಂಘರ್ಷ ಸಮಿತಿ ಊರೂರಿಗೆ ಮುಟ್ಟಿತ್ತು. ಬೀದಿಗೆ ಬಂದಿದ್ದ ಈ ದನಿ ತೆರೆಯ ಕತ್ತಲಿಗೆ ಬರಲಿಲ್ಲ.

ಈ ಪ್ರಕಾರದಿಂದ ಕಲಿಯಬೇಕಾದದ್ದೂ ಇದೆ. ಥ್ರಿಲ್ಲರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು: ಸಾಕ್ಷಿ ಉಳಿದರೆ ಮೊಕದ್ದಮೆ ಉಳಿಯುತ್ತದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಯಾಕೆಂದರೆ ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಳ್ಳಿಯಲ್ಲಿ ಸಾಕ್ಷಿ ತಿರುಗೋದು ಅಂದ್ರೆ ಏನು? ಕೂಲಿ ಕೊಡುವವ, ನೀರಿನ ದಾರಿಯಲ್ಲಿ ನಿಲ್ಲುವವ, ಅಂಗಡಿಯಲ್ಲಿ ಉದ್ರಿ ಬರೆಯುವವ ಎಲ್ಲಾ ಒಂದೇ ಕಡೆ ನಿಂತಿರುತ್ತಾರೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳ ಅಧ್ಯಾಯ ಸೇರಿಸಿದ್ದು ಇದೇ ಕಾರಣಕ್ಕೆ. ತನಿಖಾಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು ಅಂತ 1995ರ ನಿಯಮಗಳು ಹೇಳುತ್ತವೆ. ಕಾರ್ಯಕರ್ತರು ಇವನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಸಿನಿಮಾ ಮಂದಿರವೇ ಅಪರಾಧದ ಮೊದಲ ದೃಶ್ಯವಾದ ಪ್ರಕರಣವೂ ನಮ್ಮಲ್ಲಿದೆ. 2014ರ ಆಗಸ್ಟ್ 28ರಂದು ಗಂಗಾವತಿಯ ಚಿತ್ರಮಂದಿರದಲ್ಲಿ ಶುರುವಾದ ಜಗಳದ ಬೆನ್ನಿಗೆ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಈ ಹತ್ತು ವರ್ಷ ಹೆದರಿಕೆಯ ನಡುವೆ ಅದೇ ಊರಲ್ಲಿ ಬದುಕಿದವರ ಕಥೆಗಿಂತ ದೊಡ್ಡ ಥ್ರಿಲ್ಲರ್ ಯಾವುದಿದೆ?

ನಮ್ಮ ಜಿಲ್ಲೆಯ ಸವಣೂರಿನ ಘಟನೆಯನ್ನು ಇಲ್ಲಿ ಹೇಳಲೇಬೇಕು. 2010ರ ಜುಲೈ 20ರಂದು ಅಲ್ಲಿನ ಭಂಗಿ ಕುಟುಂಬಗಳವರು, ತಲೆಮಾರುಗಳಿಂದ ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ, ಪುರಸಭೆಯ ಮುಂದೆ ಮಲ ಮೈಗೆ ಸುರಿದುಕೊಂಡು ನಿಂತರು. ಪತ್ತೇದಾರನಿಗೆ ಅವರು ಕಾಯಲಿಲ್ಲ. ತಾವೇ ಸಾಕ್ಷಿ, ತಮ್ಮ ಮೈಯೇ ಪುರಾವೆ ಆದರು. ಬೆಂಗಳೂರಿನ ಪತ್ರಿಕೆಗಳು ಆಗ ಸವಣೂರಿನ ಕಡೆ ತಿರುಗಿ ನೋಡಿದವು. ಆದರೆ ಹೀಗೆ ನಿಂತರೆ ಮಾತ್ರ ಕಾಣುತ್ತೇವೆ ಅನ್ನುವ ಪರಿಸ್ಥಿತಿಗೆ ನಮ್ಮ ಸಾಹಿತ್ಯ, ಸಿನಿಮಾ, ವಿಮರ್ಶೆ ಎಲ್ಲಕ್ಕೂ ಪಾಲಿದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಾಯಿಗೆ ಊರಿನ ಹೆಸರು ದಾಖಲಾಯಿತು. ಘಾಟಿನಲ್ಲಿ ಕೂತು ಅದರ ತೊಟ್ಟು ಬಿಡಿಸುವ ಹೆಂಗಸರ ಹೆಸರು ಯಾವ ದಾಖಲೆಯಲ್ಲೂ ಹುಡುಕಬೇಡಿ. ಅವರ ಗಂಡಂದಿರು, ಮಕ್ಕಳು ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಸತ್ತರೆ ಪೇಪರಿನಲ್ಲಿ 'ಕೂಲಿ ಕಾರ್ಮಿಕರ ಸಾವು' ಅಂತ ಎರಡು ಸಾಲು ಬರುತ್ತದೆ.

ನನ್ನ ಸೂಚನೆ ಸಣ್ಣದು. ಈ ಮೂರೂ ಊರಿನ ಹಾಸ್ಟೆಲುಗಳಲ್ಲಿ ಇರುವ ಗೆಳೆಯರು 'ಆಕ್ಸಿಡೆಂಟ್' ಚಿತ್ರವನ್ನು ಒಟ್ಟಿಗೆ ಕೂತು ನೋಡಬೇಕು. ನೋಡಿದ ಮೇಲೆ ಊರಿಗೆ ಹೋಗಿ, ದುಡಿಯಲು ಹೋದವರಲ್ಲಿ ವಾಪಸು ಬಾರದವರ ಮನೆ ಹುಡುಕಿ, ಮನೆಯವರು ಒಪ್ಪಿದರೆ ಹೆಸರು, ಕೇರಿ, ಹೋದ ವರ್ಷ, ಸತ್ತ ಜಾಗ, ಕೇಸು ಏನಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪರಿಹಾರ ಬಂತೋ ಇಲ್ಲವೋ ಅದನ್ನೂ ಬರೆಯಬೇಕು. ಹತ್ತು ಮನೆ ಸಾಕು, ಶುರುವಿಗೆ. ಆಮೇಲೆ ಅದರಲ್ಲಿ ಯಾರೋ ಒಬ್ಬರು ಚಿತ್ರಕಥೆ ಬರೆಯುತ್ತಾರೋ, ಇನ್ನೊಬ್ಬರು ಕೋರ್ಟಿಗೆ ಅರ್ಜಿ ಬರೆಯುತ್ತಾರೋ, ಅದು ಮುಂದಿನ ಮಾತು. ಸುದ್ದಿ ಯಾರು ಮುಟ್ಟಿಸಿದರು ಅಂತ ಆ ಹುಡುಗ ಕೇಳಿದ್ದಕ್ಕೆ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ನೋಟ್‌ಬುಕ್ಕಂತೂ ಇದೆ.