ಬೆಂಗಳೂರು ಮಹಾಧರ್ಮಕ್ಷೇತ್ರ: ಮಿಷನ್ನಿನಿಂದ ನೆಲದ ಸಭೆಯವರೆಗೆ

ಬೆಂಗಳೂರು ಕಥೋಲಿಕ ಮಹಾಧರ್ಮಕ್ಷೇತ್ರದ ಬೇರು ಇರುವುದು ಶ್ರೀರಂಗಪಟ್ಟಣದಲ್ಲಿ. 17ನೇ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಅಲ್ಲಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. ಜನರ ಬಳಿ ಹೋಗಲು ಅವರು ಮೊದಲು ಕನ್ನಡ ಕಲಿತರು. ಈ ಕ್ಷೇತ್ರದ ಮುಂದಿನ ನಾಯಕರನ್ನೆಲ್ಲ ಅಳೆಯಲು ನನಗೆ ಅದೇ ತಕ್ಕ ಅಳತೆಗೋಲು ಎನಿಸುತ್ತದೆ.

1773ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದ ಮೇಲೆ ಈ ಸೀಮೆ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಗುರುಗಳ ಪಾಲಿಗೆ ಬಂತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ನಂತರ ಬಂದ ಅಬ್ಬೆ ದುಬಾಯ್ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದರು. ಹಾಸನ ಸೀಮೆಯ ಸಾತಹಳ್ಳಿಯಲ್ಲಿ ಬಡವರನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಊರೂರು ತಿರುಗಿದರು. ಜನ ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು.

19ನೇ ಶತಮಾನದ ನಡುವಿನಲ್ಲಿ ಮೈಸೂರು ಮಿಷನ್ ಪಾಂಡಿಚೇರಿಯಿಂದ ಬೇರ್ಪಟ್ಟಾಗ ಧರ್ಮಾಧ್ಯಕ್ಷ ಶಾರ್ಬೊನೊ ಅದರ ಹೊಣೆ ಹೊತ್ತರು. ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಅಚ್ಚುಕೂಟದಿಂದ ಕನ್ನಡ–ಲ್ಯಾಟಿನ್ ನಿಘಂಟು ಹೊರಬಂತು. 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಬಂದರು. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುವಾದದ್ದು ಅವರಿಂದಲೇ. 1882ರಲ್ಲಿ ಸೇಂಟ್ ಜೋಸೆಫ್ಸ್ ಕಾಲೇಜು ಹುಟ್ಟಿತು. 1886ರಲ್ಲಿ ಮೈಸೂರು ಪೂರ್ಣ ಧರ್ಮಕ್ಷೇತ್ರವಾಯಿತಾದರೂ ಧರ್ಮಾಧ್ಯಕ್ಷರ ಪೀಠ ಬೆಂಗಳೂರಿನಲ್ಲೇ ಉಳಿಯಿತು.

1940ರಲ್ಲಿ ಬೆಂಗಳೂರು, ಮೈಸೂರು ಬೇರೆಬೇರೆಯಾದವು. ಎರಡೇ ವರ್ಷದಲ್ಲಿ ಫ್ರೆಂಚ್ ಧರ್ಮಾಧ್ಯಕ್ಷ ಮೋರಿಸ್ ದೆಪಾತ್ಯೂರ್ ಅವರ ಸ್ಥಾನಕ್ಕೆ ಗುಂಟೂರು ಸೀಮೆಯ ಥಾಮಸ್ ಪೋತಕಮೂರಿ ಬಂದರು. ದೇಶ ಸ್ವತಂತ್ರವಾಗುವುದಕ್ಕೆ ಐದು ವರ್ಷ ಮೊದಲೇ ಪೀಠ ಭಾರತೀಯರ ಕೈಗೆ ಬಂದಿತ್ತು. 1953ರಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರವಾದಾಗ ಪೋತಕಮೂರಿಯವರೇ ಮೊದಲ ಮಹಾಧರ್ಮಾಧ್ಯಕ್ಷರು. 1968ರಲ್ಲಿ ಅವರ ನಂತರ ಬಂದ ತಮಿಳುನಾಡಿನ ಡಿ. ಎಸ್. ಲೂರ್ದುಸ್ವಾಮಿ 1971ರಲ್ಲಿ ರೋಮಿಗೆ ಹೋದರು, ಮುಂದೆ ಕಾರ್ಡಿನಲ್ ಆದರು. ಆಮೇಲೆ 1986ರವರೆಗೆ ಆರೋಕಿಯಸ್ವಾಮಿ.

ಈ ಅವಧಿಯಲ್ಲೇ ಸಭೆಯ ಒಳಬಾಳು ಬದಲಾಯಿತು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ ಇದ್ದಾಗ ಎಲ್ಲರಿಗೂ ಒಂದೇ ದೂರ; ಅದು ಹೋದಮೇಲೆ ಯಾವ ಭಾಷೆಗೆ ಎಷ್ಟು ಪೂಜೆ ಎಂಬ ಪ್ರಶ್ನೆ ಎದ್ದಿತು. ದಂಡುಪ್ರದೇಶದ, ಕೋಲಾರ ಚಿನ್ನದ ಗಣಿಯ ತಮಿಳರು ಒಂದೆಡೆ, ಹಳೆಯ ಮಿಷನ್ ಹಳ್ಳಿಗಳ ಕನ್ನಡಿಗರು ಇನ್ನೊಂದೆಡೆ. ಕನ್ನಡಕ್ಕೆ ಅದರ ನೆಲದಲ್ಲೇ ಹಕ್ಕಿನ ಸ್ಥಾನ ಬೇಕೆಂದು ಕನ್ನಡ ಕಥೋಲಿಕರು ಹೋರಾಡಿದರು. ಆ ಕೂಗು ನ್ಯಾಯವಾದದ್ದು. ಕನಕಪುರ ಸೀಮೆಯ ಹಾರೋಬೆಲೆಯಲ್ಲಿ ರೈತರೇ ಬಣ್ಣ ಹಚ್ಚಿ, ಕಪಾಲಬೆಟ್ಟದ ಬುಡದಲ್ಲಿ ಯೇಸುವಿನ ಯಾತನೆಯ ಕಥೆಯನ್ನು ಕನ್ನಡದಲ್ಲಿ ಆಡುತ್ತಾರೆ. ಆ ಊರಿನ ಭಕ್ತಿಯನ್ನು ಕಂಡವರಿಗೆ ಇಲ್ಲಿನ ಪ್ರಾರ್ಥನೆಯ ಭಾಷೆ ಯಾವುದೆಂದು ಬೇರೆ ಹೇಳಬೇಕಿಲ್ಲ.

1986ರಲ್ಲಿ ಅಲ್ಫೋನ್ಸಸ್ ಮಥಾಯಸ್ ಬರುವುದರೊಂದಿಗೆ ಪೀಠ ಕರ್ನಾಟಕದ ಕರಾವಳಿಯತ್ತ ತಿರುಗಿತು. 1998ರಲ್ಲಿ ಇಗ್ನೇಷಿಯಸ್ ಪಿಂಟೊ, 2004ರಲ್ಲಿ ಬರ್ನಾರ್ಡ್ ಮೊರಾಸ್, 2018ರಲ್ಲಿ ಹೊನ್ನಾವರ ಮೂಲದ ಪೀಟರ್ ಮಚಾದೊ: ನಾಲ್ವರೂ ಕರಾವಳಿಯವರು. ಮೈಸೂರು ಮಿಷನ್ನಿನ ಬಯಲುಸೀಮೆಯ ಹಳ್ಳಿಗಳಿಂದ ಮಹಾಧರ್ಮಾಧ್ಯಕ್ಷರು ಇನ್ನೂ ಬಂದಿಲ್ಲ.

ಶಾಲೆ, ಕಾಲೇಜು, ಆಸ್ಪತ್ರೆಗಳಿಂದ ಈ ಮಹಾಧರ್ಮಕ್ಷೇತ್ರ ನಾಡಿಗೆ ಕೊಟ್ಟದ್ದು ದೊಡ್ಡದು. ಆದರೆ ಕಟ್ಟಡ ಎಬ್ಬಿಸುವುದಕ್ಕಿಂತ ಕಷ್ಟದ ಕೆಲಸ ಹಲವು ನುಡಿಯ ಜನರನ್ನು ಒಂದೇ ಸಭೆಯಾಗಿ ಹಿಡಿದಿಡುವುದು. ವಲಸೆ ಬಂದವರ ನುಡಿಯನ್ನು ನೋಯಿಸದೆ ಕನ್ನಡವನ್ನು ಎಲ್ಲರ ಸಾಮಾನ್ಯ ನುಡಿಯಾಗಿಸುವ ನಾಯಕತ್ವವೇ ಚಿನ್ನಾಮಿ ಶುರು ಮಾಡಿದ ಕೆಲಸವನ್ನು ಪೂರ್ತಿ ಮಾಡೀತು.