ಬಳಪದ ಕಲ್ಲಿನ ನಾಡಿನಲ್ಲಿ ವಿಜ್ಞಾನ ಪಾಠ

ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಮುತ್ತ ಮತ್ತು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಆಸುಪಾಸಿನಲ್ಲಿ ಹರಡಿರುವ ಪದರಶಿಲೆಯ ಪಟ್ಟಿಗಳು, ಅಂದರೆ ನೆಲದಾಳದ ಒತ್ತಡಕ್ಕೂ ಕಾವಿಗೂ ಸಿಕ್ಕಿ ಹಾಳೆಹಾಳೆಯಾಗಿ ಮಾರ್ಪಟ್ಟ ಬಂಡೆಗಳ ಸಾಲುಗಳು, 300 ಕೋಟಿ ವರ್ಷಗಳಿಗಿಂತ ಹಳೆಯವು. ಇಂಥ ಪಟ್ಟಿಗಳಲ್ಲಿ ಸಿಗುವ ಬಳಪದ ಕಲ್ಲಿನ ಜಾತಿಯ ಮೃದು ಶಿಲೆಯಲ್ಲೇ ಹೊಯ್ಸಳರ ಕಾಲದ ಶಿಲ್ಪಿಗಳು ಕೆಲಸ ಮಾಡಿದರು. 1246ರಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಎದ್ದದ್ದೂ ಅಂಥ ಕಲ್ಲಿನಲ್ಲೇ. ಅದೇ ಜಾತಿಯ ಕಲ್ಲಿನ ಕಡ್ಡಿ ಮುಂದೆ ಬಳಪವಾಗಿ ಮಕ್ಕಳ ಕೈಗೆ ಬಂದು ಅಕ್ಷರ ತಿದ್ದಿಸಿತಾದರೂ, ಆ ಕಲ್ಲೇ ಪಾಠವಾಗಲಿಲ್ಲ ಎಂಬುದರಲ್ಲಿ ಈ ಸೀಮೆಯ ವಿಜ್ಞಾನ ಶಿಕ್ಷಣದ ಚರಿತ್ರೆಯ ಬಹುಪಾಲು ಅಡಗಿದೆ.

ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ತಾಲ್ಲೂಕಿನ ಕಂದಾಯ ವಿಭಾಗವಾದ ಹೋಬಳಿಗೊಂದು ಶಾಲೆ ತೆರೆದು, ಓದು, ಬರಹ, ಲೆಕ್ಕಗಳನ್ನು ರೈತಾಪಿ ಮಕ್ಕಳಿಗೂ ಮುಟ್ಟಿಸುವುದು ಅದರ ಗುರಿಯಾಗಿತ್ತು. ಅದೇ ವರ್ಷ ಅರಕಲಗೂಡು ಸೀಮೆಯ ರುದ್ರಪಟ್ಟಣದಲ್ಲಿ ಹುಟ್ಟಿ, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿ ಹೆಸರಾದ ಆರ್. ಶಾಮಶಾಸ್ತ್ರಿಗಳು ವೇದಾಂಗ ಜ್ಯೋತಿಷದ ಕಾಲಗಣನೆಯನ್ನೂ ಗ್ರಹಣಗಳ ಆವರ್ತನವನ್ನೂ ಆಳವಾಗಿ ಅಭ್ಯಸಿಸಿದರು. ಆಕಾಶವನ್ನು ಲೆಕ್ಕಕ್ಕೆ ತರುವ ಆ ವಿದ್ಯೆ ಸಂಸ್ಕೃತ ಬಲ್ಲ ಕೆಲವರಲ್ಲಿ ಉಳಿಯಿತು. ಹೋಬಳಿ ಶಾಲೆಯ ಲೆಕ್ಕ ಸಂತೆಯ ಲೆಕ್ಕವನ್ನು ದಾಟಲಿಲ್ಲ. ಅಕ್ಕಪಕ್ಕದಲ್ಲಿದ್ದ ಇವೆರಡೂ ಸಂಧಿಸದೆ ಹೋದದ್ದು ದೊಡ್ಡ ನಷ್ಟ. 1894ರಲ್ಲಿ ಸ್ಥಾಪನೆಯಾದ ಸಂಸ್ಥಾನದ ಭೂವಿಜ್ಞಾನ ಇಲಾಖೆ ಈ ಬಂಡೆಗಳನ್ನು ನಕ್ಷೆಗಿಳಿಸಿದರೂ, ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ ಕ್ರೋಮಿಯಂ ಲೋಹದ ಅದಿರಾದ ಕ್ರೋಮೈಟಿನ ಗಣಿಗಾರಿಕೆ ನಡೆದರೂ, ಆ ತಿಳಿವಳಿಕೆ ಇಂಗ್ಲಿಷ್ ವರದಿಗಳಲ್ಲೇ ನಿಂತಿತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರ ಸುಮಾರಿಗೆ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದ್ದು, ಈ ಭಾಷೆಯ ಗೋಡೆಯನ್ನು ಒಡೆಯುವ ಸಾಹಸವಾಗಿತ್ತು. ಅದು ಅಲ್ಪಾಯುವಾಯಿತು, ಮಕ್ಕಳಿಗೆಂದೇ ‘ಬಾಲ ವಿಜ್ಞಾನ’ ಹೊರಬರಲು 1978ರವರೆಗೆ ಕಾಯಬೇಕಾಯಿತು.

ಈ ನಡುವೆ ಹಾಸನದಲ್ಲಿ ವಿಜ್ಞಾನದ ಮೇಲಿನ ಮಹಡಿ ಏಳತೊಡಗಿತ್ತು. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 1982ರಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಬಂದವು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ತಿರುಗುವಿಕೆಗೆ ಸರಿಹೊಂದಿ ಸುತ್ತುವುದರಿಂದ ನಿಂತಲ್ಲೇ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳನ್ನು ಈ ಊರು ಸಂಭಾಳಿಸತೊಡಗಿತು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಕೂಡ ಅವುಗಳಲ್ಲೊಂದಾಗಿತ್ತು. ಕೆಳಗಿನ ಮೆಟ್ಟಿಲನ್ನು ಕಟ್ಟಲು ಹೊರಟವರು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರು ಮತ್ತು 1990ರಲ್ಲಿ ಸಾಕ್ಷರತೆಗಾಗಿ ನಡೆದ ಭಾರತ ಜ್ಞಾನ ವಿಜ್ಞಾನ ಜಾಥಾದ ಕಾರ್ಯಕರ್ತರು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು, ಮಕ್ಕಳು ತಂಡ ಕಟ್ಟಿಕೊಂಡು ತಮ್ಮೂರಿನ ನೀರು, ಮಣ್ಣು, ಬೆಳೆಗಳನ್ನೇ ಅಳೆದು ನೋಡುವ ಪದ್ಧತಿಯನ್ನು ತಂದಿತು. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ತಿರುವು ಇದೇ.

ಆ ಪದ್ಧತಿಯಲ್ಲಿ ಬಳಪವೊಂದೇ ಪ್ರಾಥಮಿಕ ಶಾಲೆಯಿಂದ ಕಾಲೇಜಿನವರೆಗಿನ ಪಾಠವಾಗಬಲ್ಲದು. ಒಂದನೆಯ ತರಗತಿಯ ಮಗು ಅದನ್ನು ಉಗುರಿನಿಂದ ಗೀರಿ, ಬೆಣಚುಕಲ್ಲನ್ನು ಗೀರಲಾಗದೆ ಗಡಸುತನವೆಂದರೇನೆಂದು ಅರಿಯುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿ ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಜೋಡಿಸುವ ಮೋಸ್ ಮಾಪಕದಲ್ಲಿ ಬಳಪದ ಮುಖ್ಯ ಖನಿಜವಾದ ಟಾಲ್ಕ್ 1ರಲ್ಲೂ ಬೆಣಚು 7ರಲ್ಲೂ ನಿಲ್ಲುವುದನ್ನು ನೋಡುತ್ತಾನೆ. ಪದವಿ ತರಗತಿಯವಳು ಸೂಕ್ಷ್ಮದರ್ಶಕದಡಿ ಅದರ ಪದರಗಳನ್ನು ಎಣಿಸಿ, ಮೆಗ್ನೀಸಿಯಂ ತುಂಬಿದ ಹಳೆಯ ಬಂಡೆಯೊಂದು ನೀರು, ಕಾವುಗಳ ಜೊತೆ ಸೇರಿ ಹೇಗೆ ಮೆತ್ತಗಾಯಿತೆಂದು ಹೊಳೆನರಸೀಪುರದ ಹೊಲದಂಚಿನಲ್ಲೇ ನಿಂತು ಕೇಳಿಕೊಳ್ಳುತ್ತಾಳೆ.