ಹಡಗಿನ ಬಚ್ಚಲು, ನಮ್ಮೂರಿನ ಹಂಡೆ

ಬರೆಯದೆ ಮೂರು ತಿಂಗಳಾಯ್ತು. ಆಫೀಸಿನಲ್ಲಿ ರಿಲೀಸು, ಅದು ಮುಗಿದ ಮೇಲೆ ಅಪ್ಪ-ಅಮ್ಮನ ಜೊತೆ ಒಂದು ಪ್ರವಾಸ, ಆಮೇಲೆ ನನ್ನ ಸಹಜ ಸೋಮಾರಿತನ. ಇವತ್ತು ಬರೆಯೋಣ ಅಂತ ಕೂತರೆ ಪ್ರವಾಸದ್ದೇನೂ ನೆನಪಾಗ್ತಿಲ್ಲ, ಹಡಗಿನ ಬಚ್ಚಲೊಂದು ಬಿಟ್ಟು. ನಗಬೇಡಿ :-) ಪೂರ್ತಿ ಓದಿ.

ಅಪ್ಪನಿಗೆ ಹಡಗು ಹತ್ತಬೇಕು ಅಂತ ಬಹಳ ದಿನದ ಆಸೆ. ಅವರು ಹುಟ್ಟಿದ್ದು ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿನವರಿಗೆ ಹೊಳೆ ಅಂದರೆ ಉತ್ತರ ಪಿನಾಕಿನಿ, ಉತ್ತರ ಪಿನಾಕಿನಿ ಅಂದರೆ ಮರಳು. ಹಾಗಾಗಿ ಕಣ್ಣು ಹರಿದಷ್ಟು ದೂರ ನೀರಿರೋದನ್ನ ನೀರಿನ ಮೇಲೆ ಕೂತೇ ನೋಡಬೇಕು ಅನ್ನೋ ಹಂಬಲ. ಮುಂಬಯಿಯಿಂದ ಹೊರಡುವ ಹಡಗೊಂದರಲ್ಲಿ ಮೂರು ರಾತ್ರಿಗೆ ಟಿಕೆಟ್ ಮಾಡಿಸಿದೆ.

ಕ್ಯಾಬಿನ್ ಬಾಗಿಲು ತೆಗೆದ ಕೂಡಲೇ ಅಮ್ಮ ಮಾಡಿದ ಮೊದಲ ಕೆಲಸ ಬಚ್ಚಲು ನೋಡಿದ್ದು. ಹೊಸ ಮನೆಗೆ ಹೋದರೂ ಅಷ್ಟೇ, ಛತ್ರಕ್ಕೆ ಹೋದರೂ ಅಷ್ಟೇ, ಅವರಿಗೆ ಅದೊಂದು ಪದ್ಧತಿ. ನೋಡಿ ಬಂದು, "ಇದೇನೋ, ಎಸ್‌ಟಿಡಿ ಬೂತ್ ಇದ್ದಂಗೈತೆ" ಅಂದರು. ಹೋಲಿಕೆ ಸರಿಯಾಗೇ ಇತ್ತು. ನಿಂತು ಎರಡೂ ಮೊಣಕೈ ಅಗಲಿಸಿದರೆ ಒಂದು ಗೋಡೆಗೆ, ಇನ್ನೊಂದು ಪರದೆಗೆ ತಗಲುತ್ತೆ. ಹೊಸ್ತಿಲು ಅರ್ಧ ಅಡಿ ಎತ್ತರ, ಹಡಗು ವಾಲಿದಾಗ ನೀರು ಆಚೆ ಬರದಿರಲಿ ಅಂತ. ಕತ್ತಲಲ್ಲಿ ಎದ್ದು ಹೋದರೆ ಕಾಲ್ಬೆರಳು ಜಜ್ಜಿಹೋಗೋದು ಗ್ಯಾರಂಟಿ. ಬಿಸಿನೀರು ಬಿಟ್ಟ ಒಂದೇ ನಿಮಿಷಕ್ಕೆ ಆ ಪರದೆ ತಾನಾಗೇ ಒಳಗೆ ಬಂದು ಒದ್ದೆ ಸೀರೆ ಥರ ಮೈಗೆ ಅಂಟಿಕೊಳ್ಳುತ್ತೆ. ಸೋಪು, ಶಾಂಪೂ ಎರಡೂ ಗೋಡೆಗೆ ಮೊಳೆ ಹೊಡೆದ ಡಬ್ಬಿಯಲ್ಲಿ. ಬಟ್ಟೆ ಒಣಗಿಸೋಕೆ ಗೋಡೆಯಿಂದ ಎಳೆದು ಎದುರಿಗೆ ಸಿಕ್ಕಿಸುವ ಒಂದು ದಾರ. ಹಿಡಿದುಕೊಳ್ಳೋಕೆ ಒಂದು ಸರಳು, ಅದನ್ನು ಅಲಂಕಾರ ಅಂದುಕೊಳ್ಳಬೇಡಿ, ಎರಡನೇ ದಿನ ಬೇಕಾಗುತ್ತೆ. ಪಕ್ಕದಲ್ಲಿರೋ ಕಮೋಡು ಗುಂಡಿ ಒತ್ತಿದರೆ ಗಾಳಿಯಲ್ಲಿ ಎಳೆದುಕೊಳ್ಳುತ್ತೆ, ಆ ಸದ್ದಿಗೆ ಅಮ್ಮ ಮೊದಲ ಸಲ ಹೊರಗೇ ಓಡಿ ಬಂದರು. ಬಕೆಟ್ ಇಲ್ಲ, ಮಗ್ ಇಲ್ಲ.

ಆದರೆ ಅಮ್ಮ ಚೀಲದಲ್ಲಿ ಹಸಿರು ಪ್ಲಾಸ್ಟಿಕ್ ಮಗ್ ಒಂದನ್ನ ತಂದಿದ್ದರು. ಸರಿಯಾಗಿ ಒಂದು ಲೀಟರ್‌ದು. ಇಂಜಿನಿಯರಿಂಗ್ ಓದಿದ ತಪ್ಪಿಗೆ ನಾನು ಅದನ್ನ ಶವರ್ ಕೆಳಗೆ ಹಿಡಿದು ಮೊಬೈಲಲ್ಲಿ ಸಮಯ ನೋಡಿದೆ. ಎಂಟು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ ಏಳೂವರೆ ಲೀಟರ್. ನಾಲ್ಕು ನಿಮಿಷದ ಸ್ನಾನಕ್ಕೆ 30 ಲೀಟರ್, ನಮ್ಮನೆ ಬಕೆಟ್ ಲೆಕ್ಕದಲ್ಲಿ ಎರಡು ಬಕೆಟ್ಟು. ಅಮ್ಮ ಈ ಲೆಕ್ಕ ಕೇಳಿ, "ನಿಮ್ಮಜ್ಜಿ ಇದರಲ್ಲಿ ಇಬ್ಬರಿಗೆ ತಲೆಗೆ ಎರೆದಿರೋಳು" ಅಂದರು. ಅಲ್ಲಿಂದ ಶುರುವಾಯ್ತು ನೋಡಿ ತಲೆಯೊಳಗೆ ಹುಳ.

ಸುತ್ತ ಸಮುದ್ರ. ಈ ಸಿಹಿನೀರು ಎಲ್ಲಿಂದ ಬರುತ್ತೆ? ಒಂದಷ್ಟನ್ನ ಬಂದರಿನಲ್ಲಿ ತುಂಬಿಸಿಕೊಳ್ತಾರೆ. ಉಳಿದದ್ದು ಹಡಗೇ ಮಾಡಿಕೊಳ್ಳುತ್ತೆ. ಎಂಜಿನ್ನಿನ ವ್ಯರ್ಥ ಶಾಖದಲ್ಲಿ ಸಮುದ್ರದ ನೀರನ್ನ ಕುದಿಸ್ತಾರೆ, ಒಳಗಿನ ಗಾಳಿ ತೆಗೆದು ಒತ್ತಡ ಇಳಿಸಿರೋದರಿಂದ ನೂರು ಡಿಗ್ರಿಗಿಂತ ಎಷ್ಟೋ ಕಡಿಮೆಯಲ್ಲೇ ಕುದಿಯುತ್ತೆ, ಆ ಆವಿ ತಣಿದರೆ ಸಿಹಿನೀರು. ಇಲ್ಲವೇ ನಮ್ಮೂರ ಶುದ್ಧ ನೀರಿನ ಘಟಕದ ಥರಾನೇ ಆರ್‌ಓ. ಲೀಟರಿಗೆ 35 ಗ್ರಾಂ ಉಪ್ಪಿರೋ ನೀರನ್ನ ಹಾಗೆ ಸೋಸಬೇಕಾದರೆ ಒತ್ತಡ ಮಾತ್ರ ಭಾರೀ ಬೇಕು. ಹೀಗೆ ಬಂದ ನೀರು ಎಷ್ಟು ಮೆದು ಅಂದರೆ ಸೋಪು ಹಚ್ಚಿದರೆ ನೊರೆಯೋ ನೊರೆ. ಎಷ್ಟು ತೊಳೆದರೂ ಮೈಮೇಲೆ ಜಾರುಜಾರು ಅನ್ನಿಸುತ್ತೆ. ಅಪ್ಪ ಇಪ್ಪತ್ತು ನಿಮಿಷ ಒಳಗಿದ್ದು, "ಸೋಪೇ ಹೋಗ್ತಿಲ್ಲ ಕಣೋ" ಅಂತ ಕೂಗಿಕೊಂಡರು. ಜನ್ಮವಿಡೀ ಗಡಸು ನೀರಲ್ಲಿ ಮಿಂದವರಿಗೆ ಮೆದು ನೀರೂ ಒಂದು ಸಮಸ್ಯೆ!

ಹಿಂದಿನ ಕಾಲದ ಹಡಗುಗಳಲ್ಲಿ ಈ ಸುಖ ಇರಲಿಲ್ಲ. ಉಗಿಹಡಗಿನಲ್ಲಿ ಕ್ಯಾಬಿನ್ನಿಗೊಂದು ಬಚ್ಚಲು ಅನ್ನೋ ಮಾತೇ ಇಲ್ಲ. ಸಾಲಿಗೊಂದು ಸ್ನಾನದ ಕೋಣೆ, ಪಾಳಿ ಬಂದಾಗ ಸ್ಟೂವರ್ಡ್ ಬಂದು ಕರೆಯೋನು. ತೊಟ್ಟಿಯಲ್ಲಿ ಕಾಯಿಸಿದ ಸಮುದ್ರದ ನೀರು, ಕೊನೆಗೆ ಮೈ ಮೇಲಿನ ಉಪ್ಪು ತೊಳೆದುಕೊಳ್ಳೋಕೆ ಒಂದು ಸಣ್ಣ ಪಾತ್ರೆಯಲ್ಲಿ ಸಿಹಿನೀರು. ಗಾಂಧೀಜಿ 1888ರಲ್ಲಿ ಇಂಗ್ಲೆಂಡಿಗೆ ಹೋದಾಗ ಹಡಗಿನ ಉಪ್ಪುನೀರಿಗೂ ಸೋಪು ಹಚ್ಚಿಕೊಂಡರಂತೆ, ಸೋಪು ಹಚ್ಚೋದೇ ನಾಗರಿಕತೆ ಅಂದುಕೊಂಡು. ಸೋಪು ಕರಗದೆ ಮೈಯೆಲ್ಲ ಜಿಡ್ಡಾಗಿ ಹುಳುಕಡ್ಡಿ ಆಯಿತು ಅಂತ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ನಮ್ಮೂರಿನ ಬೋರ್‌ವೆಲ್ ನೀರಲ್ಲಿ ಸೋಪು ಮೊಸರು ಒಡೆದ ಹಾಗೆ ಆಗುತ್ತಲ್ಲ, ಅದಕ್ಕೂ ಇದಕ್ಕೂ ಹತ್ತಿರದ ನಂಟು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪನ್ನ ಹಿಡಿದು ಗಸಿ ಮಾಡಿಬಿಡ್ತವೆ.

ಅದೇ ದಾರಿಯಲ್ಲಿ ಇನ್ನೊಬ್ಬರು ಹೋಗಿದ್ದರು. ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರು, ವಿಶ್ವೇಶ್ವರಯ್ಯ. 1906ರಲ್ಲಿ ಮುಂಬಯಿ ಸರ್ಕಾರದ ಕೆಲಸದಲ್ಲಿದ್ದಾಗ ಅವರನ್ನ ಏಡನ್ನಿಗೆ ಕಳಿಸಿದರು. ಬರೋ ಹೋಗೋ ಹಡಗೆಲ್ಲ ನಿಲ್ಲುವ ಆ ಬಂದರಿನಲ್ಲಿ ಕುಡಿಯೋಕೆ ನೀರಿರಲಿಲ್ಲ, ಸಮುದ್ರದ ನೀರನ್ನೇ ಕಾಯಿಸಿ ಭಟ್ಟಿ ಇಳಿಸಿ ಕುಡಿಯಬೇಕಿತ್ತು. ಒಂದು ಲೆಕ್ಕದಲ್ಲಿ ಇಡೀ ಊರೇ ಹಡಗಿನ ಹಾಗೆ. ಇವರು ಸುತ್ತಮುತ್ತ ಓಡಾಡಿ, ಉತ್ತರದ ಗುಡ್ಡಗಳಲ್ಲಿ ಮಳೆ ಬೀಳುತ್ತೆ, ಆ ನೀರು ಲಾಹೆಜ್ ಕಡೆಯ ಒಣಗಿದ ನದಿಯ ಮರಳಿನ ಕೆಳಗೆ ಇದೆ, ಅಲ್ಲಿ ಬಾವಿ ತೋಡಿ ತನ್ನಿ ಅಂತ ವರದಿ ಕೊಟ್ಟರು. ಶಾಲೆಯಲ್ಲಿ ನಮಗೆ ಕನ್ನಂಬಾಡಿ ಕಟ್ಟೆ ಹೇಳಿಕೊಟ್ಟರು, ಏಡನ್ ಯಾರೂ ಹೇಳಲಿಲ್ಲ. ನನಗೆ ಕಟ್ಟೆಗಿಂತ ಈ ಮರಳಿನ ಕೆಳಗಿನ ಬಾವಿಯೇ ಹೆಚ್ಚು ಇಷ್ಟ. ಯಾಕಂದ್ರೆ ಅಪ್ಪ ಹುಡುಗನಾಗಿದ್ದಾಗ ಪಿನಾಕಿನಿಯಲ್ಲಿ ಮಾಡ್ತಿದ್ದದ್ದೂ ಅದನ್ನೇ. ಬೇಸಿಗೆಯಲ್ಲಿ ಎರಡಡಿ ಮರಳು ಬಗೆದರೆ ಒರತೆ, ತೆಂಗಿನ ಚಿಪ್ಪಲ್ಲಿ ಮೊಗೆದು ಮೊಗೆದು ಬಿಂದಿಗೆ ತುಂಬಿಸೋದು. ಒಣಗಿದ ಹೊಳೆಯ ಹೊಟ್ಟೆಯಲ್ಲಿ ನೀರಿದೆ ಅಂತ ನಮ್ಮ ಸೀಮೆಯ ಮಗುವಿಗೂ ಗೊತ್ತಿತ್ತು. ಗೊತ್ತಿತ್ತು ಅಂತಲೇ ಬರೀಬೇಕು, ಆಮೇಲೆ ಆ ಮರಳನ್ನೇ ಲಾರಿಗಟ್ಟಲೆ ಹೊತ್ತುಕೊಂಡು ಹೋದರಲ್ಲ.

ಈಗ ಅಮ್ಮನ ಕಡೆಗೆ ಬರ್ತೀನಿ. ಅಜ್ಜಿ ಮನೆ ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಸೀಮೆ. ಆ ಮನೆಯ ಬಚ್ಚಲು ನನಗೆ ಚೆನ್ನಾಗಿ ನೆನಪಿದೆ. ಹಿತ್ತಲ ಮೂಲೆಯಲ್ಲಿ ಹೊಗೆ ಹಿಡಿದು ಕಪ್ಪಾದ ಗೋಡೆ, ಒಲೆಯಲ್ಲಿ ಹೂತ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ಕಲ್ಲು ತೊಟ್ಟಿ, ಕೂರೋಕೆ ಒಂದು ಚಪ್ಪಡಿ. ಉರಿಗೆ ಹಿಪ್ಪುನೇರಳೆ ಕಡ್ಡಿ. ಸೊಪ್ಪು ಹುಳಕ್ಕೆ, ಕಡ್ಡಿ ಒಲೆಗೆ, ಅದರ ಬೂದಿ ಪಾತ್ರೆ ಬೆಳಗೋಕೆ. ಬಚ್ಚಲ ನೀರು ತೂಬಿನಿಂದ ಆಚೆ ಹೋಗಿ ಬಾಳೆಗಿಡದ ಬುಡಕ್ಕೆ. ಬಚ್ಚಲಿಗೂ ತೂಬು, ಕೆರೆಗೂ ತೂಬು, ಒಂದೇ ಪದ. ಕೆರೆಯ ತೂಬು ಎತ್ತೋದು ಇಳಿಸೋದು ನೀರುಗಂಟಿಯ ಕೆಲಸ, ಮನೆಯ ನೀರುಗಂಟಿ ಅಜ್ಜಿ. ತಂಬಿಗೆ ಅವಳ ಕೈಲೇ ಇರೋದು. ನಾವು ಮಕ್ಕಳು ಹಂಡೆಯಿಂದ ಜಾಸ್ತಿ ಮೊಗೆದರೆ "ನೀಳ್ಳು ಪಾರಬೊಯ್ಯೊದ್ದಪ್ಪಾ" ಅಂತ ಒಳಗಿನಿಂದಲೇ ಕೂಗು. ನೀರು ಚೆಲ್ಲಬೇಡ ಅಂತ. ನಮ್ಮ ಕಡೆ ಬೈಗುಳ, ಲೆಕ್ಕ, ಪ್ರೀತಿ ಮೂರೂ ತೆಲುಗಲ್ಲೇ :-) ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹೂ ಸುತ್ತಿ, ಬಾವಿಯಿಂದ ಸೇದಿ ತುಂಬಿಸಿದ ಮೇಲೆಯೇ ಮಾರನೇ ಬೆಳಗಿನ ಎಣ್ಣೆನೀರು.

ಆ ಬಾವಿ ನಾನು ನೋಡುವ ಹೊತ್ತಿಗೆ ಪಾಳುಬಿದ್ದು, ಕಸ ಹಾಕೋ ಗುಂಡಿ ಆಗಿತ್ತು. ಅಮ್ಮನ ಬಾಲ್ಯದಲ್ಲಿ ಅದರಲ್ಲಿ ಹುಡುಗರು ಈಜು ಕಲಿತಿದ್ದರಂತೆ.

ಇದರ ಕಥೆ ನಿಮಗೆ ಗೊತ್ತಿರುವಂಥದ್ದೇ. ನಂದಿಬೆಟ್ಟದ ಸುತ್ತ ಪಿನಾಕಿನಿಗಳು, ಪಾಪಾಗ್ನಿ, ಚಿತ್ರಾವತಿ, ಅರ್ಕಾವತಿ ಅಂತ ಇಷ್ಟು ಹೊಳೆ ಹುಟ್ಟುತ್ತವೆ, ಹುಟ್ಟಿದ ಜಿಲ್ಲೆಯಲ್ಲಿ ಒಂದೂ ವರ್ಷಪೂರ್ತಿ ಹರಿಯೋಲ್ಲ. ಅದಕ್ಕೇ ಹಿಂದಿನವರು ಬಿದ್ದ ಮಳೆಯನ್ನ ಕೆರೆಯಿಂದ ಕೆರೆಗೆ ಕೋಡಿ ಹರಿಸಿ ಹಿಡಿದಿಟ್ಟರು, ದೇವಸ್ಥಾನಕ್ಕೊಂದು ಕಲ್ಯಾಣಿ ಕಟ್ಟಿದರು. ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯ ಶೃಂಗಿತೀರ್ಥ ನೋಡಿದ್ದೀರಲ್ಲ, ನಾಲ್ಕೂ ಕಡೆ ಮೆಟ್ಟಿಲು, ನೀರು ಎಷ್ಟು ಇಳಿದರೂ ಕೈಗೆ ಸಿಗಲಿ ಅಂತ. 1970ರ ದಶಕದಿಂದೀಚೆಗೆ ಬೋರ್‌ವೆಲ್ ಬಂತು. ಆಮೇಲೆ ಕೆರೆ ಅಂಗಳದವರೆಗೂ ನೀಲಗಿರಿ ನೆಟ್ಟರು, ಸರ್ಕಾರ ಅದನ್ನ ನೆಡಬಾರದು ಅಂತ ಹೇಳಿದ್ದು 2017ರಲ್ಲಿ. ಇನ್ನೂರು ಅಡಿ ಇದ್ದದ್ದು ಸಾವಿರ ದಾಟಿ, ಸಾವಿರದ ಐನೂರಕ್ಕೂ ಹೋಯ್ತು. ಅಷ್ಟು ಆಳದಿಂದ ಬಂದ ನೀರಲ್ಲಿ ಫ್ಲೋರೈಡು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅನ್ನೋದು ಮಿತಿ, ಮೀರಿದ ಊರುಗಳು ಎಷ್ಟೋ. ಹಲ್ಲಿನ ಮೇಲಿನ ಕಂದು ಗೆರೆ ನೋಡಿಯೇ ಹಾಸ್ಟೆಲಲ್ಲಿ ನಾವು "ನಮ್ಮ ಕಡೆಯವನು" ಅಂತ ಗುರುತು ಹಿಡಿಯುತ್ತಿದ್ದೆವು.

ಚಿಕ್ಕಬಳ್ಳಾಪುರದಲ್ಲಿ ಅಪ್ಪ ಮನೆ ಕಟ್ಟಿಸಿದಾಗ ಆಸೆಪಟ್ಟು ಶವರ್ ಹಾಕಿಸಿದ್ದರು. ಆರೇ ತಿಂಗಳಿಗೆ ತೂತುಗಳಿಗೆಲ್ಲ ಬಿಳೀ ಸುಣ್ಣ ಕಟ್ಟಿಕೊಂಡಿತು. ಎರಡು ತೂತಿನಿಂದ ಮಾತ್ರ ಪಿಚಕಾರಿ, ಅದೂ ಗೋಡೆಗೆ. ಅಂದಿನಿಂದ ಅದು ಟವೆಲ್ ನೇತುಹಾಕೋ ಗೂಟ. ಚಿಂತಾಮಣಿಯ ಅತ್ತೆ ಮನೆಯಲ್ಲೂ ಹಾಗೇ ಒಂದು ಗೂಟ ಇದೆ. ಅವರ ಬೀದಿಗೆ ಬೇಸಿಗೆಯಲ್ಲಿ ಟ್ರಾಕ್ಟರ್ ಟ್ಯಾಂಕರ್ ಬಂದರೆ ಅತ್ತೆ ಮಾಡ್ತಿದ್ದ ಅಡುಗೆ ಬಿಟ್ಟು ಪೈಪು ಹಿಡಿದು ಓಡ್ತಾರೆ.

2016ರ ಮಾರ್ಚಿನಲ್ಲಿ ಶಾಶ್ವತ ನೀರಾವರಿ ಬೇಕು ಅಂತ ನಮ್ಮ ರೈತರು ಟ್ರಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟಿದ್ದರು, ದಾರಿಯಲ್ಲೇ ತಡೆದರು. ನಾನಾಗ ಓದುತ್ತಿದ್ದೆ. ಟ್ರಾಫಿಕ್ ಜಾಮ್ ಆಯ್ತು ಅಂತ ಕ್ಲಾಸಿನಲ್ಲಿ ಬೈದುಕೊಂಡವರ ಜೊತೆ ನಾನೂ ಸುಮ್ಮನೆ ನಕ್ಕಿದ್ದೆ. ಆ ನಗು ಈಗಲೂ ಚುಚ್ಚುತ್ತೆ. ಎತ್ತಿನಹೊಳೆಗೆ 2014ರಲ್ಲಿ ಅಡಿಗಲ್ಲು ಹಾಕಿದರು, 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತ ಉದ್ಘಾಟನೆ ಆಯ್ತು. ಅದಕ್ಕಿಂತ ಮೊದಲು ನಮ್ಮ ಕೆರೆಗಳಿಗೆ ಬಂದದ್ದು ಬೇರೆ ನೀರು. ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕಳಿಸೋ ಯೋಜನೆ. ಕೋರಮಂಗಲ-ಚಲ್ಲಘಟ್ಟದ್ದು 2018ರಲ್ಲಿ ಕೋಲಾರದ ಕಡೆ ಹೋಯ್ತು, ಚಿಂತಾಮಣಿಯ ಕೆಲವು ಕೆರೆಗೂ ಸೇರಿ. ಹೆಬ್ಬಾಳ-ನಾಗವಾರದ್ದು ನಮಗೆ, ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗೆ ಅಂತ ಲೆಕ್ಕ. ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಅಂತ ಜಗಳ, ಕೋರ್ಟು ಎಲ್ಲ ಆಯ್ತು. ಎರಡೂ ಕಡೆಯವರ ಮಾತೂ ನನಗೆ ಅರ್ಥವಾಗುತ್ತೆ. ಬತ್ತಿದ ಬೋರಲ್ಲಿ ನೀರು ಬಂತು ಅನ್ನೋ ಮಾವನ ಖುಷಿ ಸುಳ್ಳಲ್ಲ. ಕೋಡಿಯಲ್ಲಿ ನೊರೆ ಎದ್ದಿದೆ ಅನ್ನೋ ಆತಂಕವೂ ಸುಳ್ಳಲ್ಲ. ಆದರೆ ಹಡಗಿನವನು ಕೂಡ ತನ್ನ ಬಚ್ಚಲ ನೀರನ್ನ ಸೋಸಿ ಸಮುದ್ರಕ್ಕೆ ಬಿಡ್ತಾನೆಯೇ ಹೊರತು ಪಕ್ಕದ ಹಡಗಿಗೆ ಕಳಿಸೋಲ್ಲ. ಮೂರನೇ ಹಂತ ಮಾಡಿ ಕೊಡಬೇಕಿತ್ತು ಅನ್ನೋದೇ ನನ್ನ ಅಭಿಪ್ರಾಯ.

ನಾನಿರೋದು ನಾಗವಾರದ ಹತ್ತಿರ, ಎಂಟನೇ ಮಹಡಿ. ಅಲ್ಲಿನ ಶವರ್ ಅಳೆದೆ, ಅದೇ ಹಸಿರು ಮಗ್ ನಾಲ್ಕು ಸೆಕೆಂಡಿಗೆ ತುಂಬಿತು. ಹಡಗಿನದಕ್ಕಿಂತ ದುಪ್ಪಟ್ಟು.

ಹೋದ ವಾರ ಊರಿಗೆ ಹೋಗಿದ್ದೆ. ಕೆರೆ ಅರ್ಧ ತುಂಬಿತ್ತು, ಬೆಳ್ಳಕ್ಕಿ ಕೂತಿದ್ದವು. ಅಜ್ಜಿಗೆ ಈಗ ಎಂಬತ್ತೆರಡು. ಹಂಡೆ ಅಟ್ಟದ ಮೇಲಿದೆ, ಸ್ನಾನ ಬಕೆಟ್ಟಿಗೆ ಕಾಯಿಲ್ ಹಾಕಿ, ಆ ಕಾಯಿಲಿಗೂ ಬಿಳೀ ಪದರ. ಜಗಲಿ ಮೇಲೆ ಕೂತು ಹಡಗಿನ ಬಚ್ಚಲಿನ ಕಥೆಯೆಲ್ಲ ಹೇಳಿದೆ, ಪರದೆ ಮೈಗೆ ಅಂಟಿದ್ದಕ್ಕೆ ನಕ್ಕಳು. ಆಮೇಲೆ, ಕೆರೆಗೆ ಬರೋ ನೀರು ಎಲ್ಲಿಯದು ಅಂತ ಅವಳೇ ಕೇಳಿದಳು. ಬೆಂಗಳೂರಿಂದು ಅಜ್ಜಿ, ನಾವು ಸ್ನಾನ ಮಾಡಿ ಬಿಟ್ಟಿದ್ದು, ಸೋಸಿ ಕಳಿಸ್ತಾರೆ ಅಂದೆ.

"ನೀನಿರೋ ಮನೆಯದೂ ಬರುತ್ತಾ?"

"ಬರಬಹುದು."

ಸ್ವಲ್ಪ ಹೊತ್ತು ಕೆರೆ ಏರಿ ಕಡೆ ನೋಡಿದಳು. "ಹಂಗಾದ್ರೆ ಸೋಪು ಸ್ವಲ್ಪ ಕಮ್ಮಿ ಹಾಕ್ಕೊಳಪ್ಪಾ" ಅಂದು ಎದ್ದು ಒಳಗೆ ಹೋದಳು.